ವಯಸ್ಸಾದವರ ತೂಕ ಇಳಿಯುತ್ತಿದ್ದರೆ: ಮನೆಯಲ್ಲೇ ಗುರುತಿಸಿ ಸರಿಪಡಿಸುವ ಕ್ರಮ

"ವಯಸ್ಸಾಯಿತು, ಊಟ ಕಡಿಮೆಯಾಗುವುದು ಸಹಜ" ಎನ್ನುವ ಮಾತು ಅರ್ಧ ಮಾತ್ರ ನಿಜ. ಎಪ್ಪತ್ತು ದಾಟಿದ ಮೇಲೆ ಓಡಾಟ ಕಡಿಮೆಯಾಗುತ್ತದೆ, ಸ್ನಾಯು ಕರಗುತ್ತದೆ, ಅದಕ್ಕೆ ತಕ್ಕಂತೆ ಶಕ್ತಿಯ ಅಗತ್ಯವೂ ಸ್ವಲ್ಪ ಇಳಿಯುತ್ತದೆ. ಆದರೆ ಕ್ಯಾಲ್ಸಿಯಂ, ವಿಟಮಿನ್‌ಗಳ ಅಗತ್ಯ ಇಳಿಯುವುದಿಲ್ಲ. ಪ್ರೊಟೀನಿನ ಅಗತ್ಯವಂತೂ ಏರುತ್ತದೆ. ಅಂದರೆ ತುತ್ತು ಕಡಿಮೆಯಾದಷ್ಟೂ ಪ್ರತಿ ತುತ್ತಿನಲ್ಲೂ ಸತ್ವ ಹೆಚ್ಚಿರಬೇಕು. ಮನೆಗಳಲ್ಲಿ ಆಗುವುದು ಇದಕ್ಕೆ ಉಲ್ಟಾ: ಹಿರಿಯರ ತಟ್ಟೆ ಚಿಕ್ಕದಾಗುತ್ತಾ ಹೋಗುತ್ತದೆ, ಅದರಲ್ಲಿರುವುದೂ ತೆಳ್ಳಗಾಗುತ್ತಾ ಹೋಗುತ್ತದೆ. ಯಾರೂ ಪ್ರಯತ್ನಪಟ್ಟು ಇಳಿಸದೆ ತೂಕ ತಾನಾಗಿಯೇ ಇಳಿಯುತ್ತಿದ್ದರೆ ಅದು ಎಂಬತ್ತರಲ್ಲೂ ಸಹಜವಲ್ಲ. ಅದಕ್ಕೊಂದು ಕಾರಣ ಇರುತ್ತದೆ, ಬಹಳ ಸಲ ಆ ಕಾರಣ ಸರಿಪಡಿಸಬಹುದಾದದ್ದೇ ಆಗಿರುತ್ತದೆ.

ಈ ಕ್ರಮ ಸ್ವಂತ ಮನೆಯಲ್ಲಿ, ಒಂಟಿಯಾಗಿ ಅಥವಾ ಕುಟುಂಬದ ಜೊತೆ ಇರುವ 65 ದಾಟಿದವರಿಗಾಗಿ. ಬೇಕಾಗುವುದು ಒಂದು ತೂಕದ ಯಂತ್ರ, ದರ್ಜಿಯ ಟೇಪು, ಕೈಯಿಲ್ಲದ ಗಟ್ಟಿ ಕುರ್ಚಿ, ಒಂದು ನೋಟ್‌ಬುಕ್.

ಹಂತ 1: ಅಳೆದು ಬರೆದಿಡಿ

ತಿಂಗಳಿಗೊಮ್ಮೆ ತೂಕ ನೋಡಿ. ಬೆಳಿಗ್ಗೆ ಶೌಚ ಮುಗಿಸಿ, ತಿನ್ನುವ ಮೊದಲು, ಹಗುರವಾದ ಬಟ್ಟೆಯಲ್ಲಿ, ಬರಿಗಾಲಿನಲ್ಲಿ ನಿಲ್ಲಬೇಕು. ಯಂತ್ರ ಗಟ್ಟಿ ನೆಲದ ಮೇಲಿರಲಿ. ಜಮಖಾನೆ ಅಥವಾ ಮ್ಯಾಟಿನ ಮೇಲಿಟ್ಟರೆ ತಪ್ಪು ತೋರಿಸುತ್ತದೆ. ಪ್ರತಿ ಸಲವೂ ಅದೇ ಯಂತ್ರ ಬಳಸಿ. ಒಂದು ಯಂತ್ರಕ್ಕೂ ಇನ್ನೊಂದಕ್ಕೂ ಒಂದೆರಡು ಕೆ.ಜಿ. ವ್ಯತ್ಯಾಸ ಬರಬಹುದು, ನಾವು ಹುಡುಕುತ್ತಿರುವುದೂ ಅಷ್ಟೇ ವ್ಯತ್ಯಾಸವನ್ನು.

ಲೆಕ್ಕ ಸುಲಭ. ಹಳೆಯ ತೂಕದಲ್ಲಿ ಈಗಿನ ತೂಕ ಕಳೆದು, ಹಳೆಯ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ. ಆರು ತಿಂಗಳ ಹಿಂದೆ 58 ಕೆ.ಜಿ. ಇದ್ದವರು ಈಗ 54.5 ಇದ್ದರೆ ಇಳಿದದ್ದು ಶೇ. 6. ಆರು ತಿಂಗಳಲ್ಲಿ ಶೇ. 5 ದಾಟಿದರೆ, ಅಥವಾ ಮೂರು ತಿಂಗಳಲ್ಲಿ 3 ಕೆ.ಜಿ. ಗಿಂತ ಹೆಚ್ಚು ಇಳಿದರೆ, ಮುಂದಿನ ತಿಂಗಳು ನೋಡೋಣ ಎನ್ನದೆ ವೈದ್ಯರಿಗೆ ತೋರಿಸಬೇಕು. ಹಳೆಯ ತೂಕ ಗೊತ್ತಿಲ್ಲದಿದ್ದರೆ ಉಂಗುರ ಜಾರುತ್ತಿದೆಯೇ, ಬೆಲ್ಟಿಗೆ ಹೊಸ ತೂತು ಬಿದ್ದಿದೆಯೇ, ಹಲ್ಲಿನ ಸೆಟ್ ಸಡಿಲವಾಗಿದೆಯೇ ನೋಡಿ. ಒಂದು ಎಚ್ಚರಿಕೆ: ಕಾಲು ಊದಿಕೊಂಡವರಲ್ಲಿ ನೀರಿನ ಭಾರ ನಿಜವಾದ ಇಳಿಕೆಯನ್ನು ಮುಚ್ಚಿಹಾಕುತ್ತದೆ.

ಎರಡನೆಯ ಅಳತೆ ಮೀನಖಂಡದ ಸುತ್ತಳತೆ. ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ. ಮಂಡಿ ಲಂಬಕೋನದಲ್ಲಿ ಮಡಚಿರಲಿ, ಪಾದ ಪೂರ್ತಿ ನೆಲಕ್ಕೆ ತಾಗಿರಲಿ. ಬಟ್ಟೆ ಮೇಲೆತ್ತಿ, ಮೀನಖಂಡ ಎಲ್ಲಿ ಅತಿ ದಪ್ಪ ಅನಿಸುತ್ತದೋ ಅಲ್ಲಿ ಟೇಪು ಸುತ್ತಿ ಓದಿಕೊಳ್ಳಿ. ಆಮೇಲೆ ಒಂದು ಬೆರಳಗಲ ಮೇಲೆ, ಒಂದು ಬೆರಳಗಲ ಕೆಳಗೆ ಮತ್ತೆ ಅಳೆಯಿರಿ. ಮೂರರಲ್ಲಿ ದೊಡ್ಡದನ್ನು ಬರೆದುಕೊಳ್ಳಿ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ವಯಸ್ಸಾದವರ ಮೀನಖಂಡ ಮೆತ್ತಗಿರುವುದರಿಂದ ಸ್ವಲ್ಪ ಬಿಗಿದರೂ ಒಂದು ಸೆಂಟಿಮೀಟರ್ ಸಲೀಸಾಗಿ ಕಡಿಮೆ ಬರುತ್ತದೆ. 31 ಸೆಂ.ಮೀ. ಗಿಂತ ಕಡಿಮೆ ಇದ್ದರೆ ಸ್ನಾಯು ಕರಗಿದೆ ಎಂದೇ ಹಿಡಿಯಿರಿ. ಏಷ್ಯಾದ ತಜ್ಞರ 2019ರ ಒಮ್ಮತದ ಪ್ರಕಾರ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂ.ಮೀ. ಗಿಂತ ಕೆಳಗಿದ್ದರೇ ಮುಂದಿನ ಪರೀಕ್ಷೆಗೆ ಹೋಗಬೇಕು.

ಮೂರನೆಯದು ಕುರ್ಚಿಯಿಂದ ಏಳುವ ಪರೀಕ್ಷೆ. ಕುರ್ಚಿಯನ್ನು ಗೋಡೆಗೆ ಒತ್ತಿಡಿ, ಪಕ್ಕದಲ್ಲಿ ಒಬ್ಬರು ನಿಂತಿರಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ. ಐದನೆಯ ಸಲ ನೇರ ನಿಂತಾಗ ಗಡಿಯಾರ ನೋಡಿ. 15 ಸೆಕೆಂಡು ದಾಟಿದರೆ, ಅಥವಾ ಕೈಯೂರದೆ ಏಳಲು ಆಗದಿದ್ದರೆ ಕಾಲಿನ ಬಲ ಕುಂದಿದೆ. ದಪ್ಪಗಿರುವ ಹಿರಿಯರಿಗೆ ಈ ಪರೀಕ್ಷೆ ತಪ್ಪದೆ ಮಾಡಿ. ಮೈಯಲ್ಲಿ ಕೊಬ್ಬಿದ್ದು ಒಳಗೆ ಸ್ನಾಯು ಕರಗಿರುವುದು ತಕ್ಕಡಿಯಲ್ಲಿ ಕಾಣುವುದಿಲ್ಲ.

ಈಗ ಹಿರಿಯರ ಪೋಷಣೆ ಅಳೆಯುವ ಆರು ಪ್ರಶ್ನೆ. ಇದು ಎಂಎನ್‌ಎ ಎಂಬ ಅಂಕಪಟ್ಟಿಯ ಚಿಕ್ಕ ರೂಪ, ಒಟ್ಟು 14 ಅಂಕ.

1. ಮೂರು ತಿಂಗಳಲ್ಲಿ ಊಟ ಕಡಿಮೆಯಾಗಿದೆಯೇ? ತೀರಾ ಕಡಿಮೆ 0, ಸ್ವಲ್ಪ ಕಡಿಮೆ 1, ಇಲ್ಲ 2.
2. ಮೂರು ತಿಂಗಳಲ್ಲಿ ತೂಕ? 3 ಕೆ.ಜಿ. ಗಿಂತ ಹೆಚ್ಚು ಇಳಿದಿದೆ 0, ಗೊತ್ತಿಲ್ಲ 1, 1ರಿಂದ 3 ಕೆ.ಜಿ. ಇಳಿದಿದೆ 2, ಇಳಿದಿಲ್ಲ 3.
3. ಓಡಾಟ? ಹಾಸಿಗೆ ಅಥವಾ ಕುರ್ಚಿಯಲ್ಲೇ 0, ಎದ್ದು ಓಡಾಡುತ್ತಾರೆ ಆದರೆ ಹೊರಗೆ ಹೋಗುವುದಿಲ್ಲ 1, ಹೊರಗೂ ಹೋಗುತ್ತಾರೆ 2.
4. ಮೂರು ತಿಂಗಳಲ್ಲಿ ದೊಡ್ಡ ಕಾಯಿಲೆ ಅಥವಾ ಮನಸ್ಸಿಗೆ ತೀವ್ರ ಆಘಾತ? ಹೌದು 0, ಇಲ್ಲ 2.
5. ಮರೆವು, ಖಿನ್ನತೆ? ತೀವ್ರವಾದ ಮರೆವಿನ ಕಾಯಿಲೆ ಅಥವಾ ಖಿನ್ನತೆ 0, ಸೌಮ್ಯ ಮರೆವಿನ ಕಾಯಿಲೆ 1, ಇಲ್ಲ 2.
6. ಬಿಎಂಐ (ಕೆ.ಜಿ. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ)? 19ಕ್ಕಿಂತ ಕಡಿಮೆ 0, 19ರಿಂದ 21ರೊಳಗೆ 1, 21ರಿಂದ 23ರೊಳಗೆ 2, 23 ಅಥವಾ ಹೆಚ್ಚು 3. ಎತ್ತರ ಅಳೆಯಲಾಗದಿದ್ದರೆ ಮೀನಖಂಡ ಸಾಕು: 31 ಸೆಂ.ಮೀ. ಗಿಂತ ಕಡಿಮೆ 0, ಇಲ್ಲವಾದರೆ 3.

12ರಿಂದ 14 ಬಂದರೆ ಪೋಷಣೆ ಸರಿಯಿದೆ. 8ರಿಂದ 11 ಎಂದರೆ ಅಪಾಯದ ಅಂಚು. ಮನೆಯಲ್ಲಿ ಮಾಡುವ ಬದಲಾವಣೆಗಳು ಅತಿ ಹೆಚ್ಚು ಫಲ ಕೊಡುವುದು ಇಲ್ಲೇ. 7 ಅಥವಾ ಕಡಿಮೆ ಬಂದರೆ ಅಪೌಷ್ಟಿಕತೆ ಆಗಲೇ ಬಂದಿದೆ, ವೈದ್ಯರೂ ಆಹಾರತಜ್ಞರೂ ನೋಡಬೇಕು.

ಹಂತ 2: ಊಟ ಬದಲಿಸುವ ಮೊದಲು ಕಾರಣ ಹುಡುಕಿ

ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ತೂಕ ಇಳಿದದ್ದು ಕಂಡ ಕೂಡಲೇ ಪೌಷ್ಟಿಕ ಪುಡಿಯ ಡಬ್ಬ ತರುವುದು. ಹಲ್ಲು ನೋಯುತ್ತಿರುವವರಿಗೆ ಡಬ್ಬದಿಂದ ಏನು ಪ್ರಯೋಜನ?

ಮೊದಲು ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಶುಗರಿನ ಮೆಟ್‌ಫಾರ್ಮಿನ್ ಹಸಿವು ತಗ್ಗಿಸಬಹುದು, ಬಾಯಿಯಲ್ಲಿ ಲೋಹದ ರುಚಿ ತರಬಹುದು. ಹೃದಯದ ಡಿಗಾಕ್ಸಿನ್ ಮೈಯಲ್ಲಿ ಹೆಚ್ಚಾದರೆ ವಾಕರಿಕೆ ಬರುತ್ತದೆ. ನೋವಿನ ಮಾತ್ರೆ ಹೊಟ್ಟೆ ಉರಿಸುತ್ತದೆ. ಕೆಲವು ಅಲರ್ಜಿ ಮಾತ್ರೆಗಳು, ಮೂತ್ರಕೋಶಕ್ಕೆ ಕೊಡುವ ಮಾತ್ರೆಗಳು, ಖಿನ್ನತೆಯ ಹಳೆಯ ಮಾತ್ರೆಗಳು ಬಾಯಿ ಒಣಗಿಸುತ್ತವೆ. ಒಣಬಾಯಿಯಲ್ಲಿ ಒಣ ತಿಂಡಿ ಇಳಿಯುವುದಿಲ್ಲ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಪಟ್ಟಿ ಬರೆದು ವೈದ್ಯರ ಮುಂದಿಟ್ಟು "ಇವುಗಳಲ್ಲಿ ಹಸಿವು ಕೆಡಿಸುವುದು ಯಾವುದು, ಬದಲಿಸಬಹುದೇ?" ಎಂದು ಕೇಳಿ.

ಅದೇ ಭೇಟಿಯಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ, ಜನ ಮರೆಯುವುದೂ ಅದನ್ನೇ. ತೂಕ ಇಳಿದ ಮೇಲೂ ಬಿಪಿ ಮತ್ತು ಶುಗರ್ ಮಾತ್ರೆಗಳು ಹಳೆಯ ಪ್ರಮಾಣದಲ್ಲೇ ಮುಂದುವರಿದಿರುತ್ತವೆ. ಊಟ ಅರ್ಧವಾದರೂ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಪೂರ್ತಿ ಹೋದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯುತ್ತದೆ. ಬಿಪಿ ಅತಿಯಾಗಿ ಇಳಿದರೆ ಎದ್ದು ನಿಂತ ಕೂಡಲೇ ತಲೆ ತಿರುಗಿ ಬೀಳುತ್ತಾರೆ. ರಾತ್ರಿ ಬೆವರು, ನಡುಕ, ಇದ್ದಕ್ಕಿದ್ದಂತೆ ಗೊಂದಲದ ಮಾತು ಕಂಡರೆ ಸಕ್ಕರೆ ಪರೀಕ್ಷಿಸಿ.

ಮಾತ್ರೆಗಳ ನಂತರ ಬಾಯಿ. ಟಾರ್ಚ್ ಹಿಡಿದು ನೋಡಿ: ಒಸಡಿನಲ್ಲಿ ಹುಣ್ಣು, ಮುರಿದ ಹಲ್ಲು, ನಾಲಿಗೆ ಮೇಲೆ ಬಿಳಿ ಪದರ, ಸೆಟ್ ಕೆಳಗೆ ಕೆಂಪು. ತೂಕ ಇಳಿದರೆ ಒಸಡು ಕುಗ್ಗಿ ಸೆಟ್ ಸಡಿಲವಾಗುತ್ತದೆ, ಸಡಿಲವಾದ ಸೆಟ್ ಉಜ್ಜಿ ನೋವಾಗುತ್ತದೆ, ನೋವಿಗೆ ಅಗಿಯುವುದು ಬಿಡುತ್ತಾರೆ, ತೂಕ ಇನ್ನೂ ಇಳಿಯುತ್ತದೆ. ದಂತವೈದ್ಯರು ಸೆಟ್ಟಿನ ಒಳಪದರ ಸರಿಮಾಡಿದರೆ ಈ ಸುತ್ತು ಅಲ್ಲಿಗೇ ತುಂಡಾಗುತ್ತದೆ. ರಾತ್ರಿ ಸೆಟ್ ತೆಗೆದು ತೊಳೆದು ನೀರಿನಲ್ಲಿಡಬೇಕು.

ನುಂಗುವಾಗ ಕೆಮ್ಮು, ನೀರು ಕುಡಿದ ಮೇಲೆ ಗಂಟಲಲ್ಲಿ ಗೊರಗೊರ ದನಿ, ಊಟ ಮುಗಿಸಲು ಮುಕ್ಕಾಲು ಗಂಟೆ, ಪದೇ ಪದೇ ಎದೆಯ ಸೋಂಕು: ಇವು ನುಂಗುವ ತೊಂದರೆಯ ಸೂಚನೆಗಳು. ಪಾರ್ಶ್ವವಾಯು ಅಥವಾ ಪಾರ್ಕಿನ್‌ಸನ್ ಇರುವವರಲ್ಲಿ ಕೆಮ್ಮೇ ಇಲ್ಲದೆಯೂ ಆಹಾರ ಶ್ವಾಸನಾಳಕ್ಕೆ ಇಳಿಯಬಹುದು. ನೇರವಾಗಿ ಕೂರಿಸಿ, ತಲೆ ಹಿಂದಕ್ಕೆ ಬಾಗದಿರಲಿ, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ನೀರನ್ನು ಗಟ್ಟಿಮಾಡಬೇಕೇ, ಆಹಾರ ಎಷ್ಟು ಮೆದುವಾಗಿರಬೇಕು ಎಂಬುದನ್ನು ನುಂಗುವಿಕೆಯ ತಜ್ಞರೇ ನಿರ್ಧರಿಸಲಿ. ಊಹೆಯ ಮೇಲೆ ಎಲ್ಲವನ್ನೂ ರುಬ್ಬಿ ಕೊಡಬೇಡಿ. ರುಬ್ಬಿದ್ದು ನೋಡಿದರೆ ಇದ್ದ ಹಸಿವೂ ಹೋಗುತ್ತದೆ.

ಮಲಬದ್ಧತೆ, ಥೈರಾಯ್ಡ್, ಖಿನ್ನತೆ, ಗೆಡ್ಡೆ ಇವುಗಳನ್ನು ವೈದ್ಯರು ಪರೀಕ್ಷಿಸುತ್ತಾರೆ. ಖಿನ್ನತೆಯ ಬಗ್ಗೆ ಒಂದು ಮಾತು: ವಯಸ್ಸಾದವರಲ್ಲಿ ಅದು ಅಳುವಾಗಿ ಬರುವುದಕ್ಕಿಂತ "ಬೇಡ, ಹಸಿವಿಲ್ಲ" ಎಂಬ ಮಾತಾಗಿಯೇ ಹೆಚ್ಚು ಬರುತ್ತದೆ.

ಕೊನೆಗೆ ಪಥ್ಯ. ಹತ್ತು ವರ್ಷದ ಹಿಂದೆ ಯಾರೋ ಹೇಳಿದ "ಎಣ್ಣೆ ಬೇಡ, ಉಪ್ಪು ಬೇಡ, ಮೊಟ್ಟೆ ಬೇಡ" ಇಂದಿಗೂ ನಡೆಯುತ್ತಿರುತ್ತದೆ. ತೂಕ ಕಳೆದುಕೊಳ್ಳುತ್ತಿರುವ 78ರ ವ್ಯಕ್ತಿಗೆ ಕೊಬ್ಬು ಕಡಿಮೆ ಮಾಡಿದ ಆಹಾರ ಉಪಕಾರಕ್ಕಿಂತ ಅಪಾಯವನ್ನೇ ಹೆಚ್ಚು ಮಾಡಬಹುದು. ಯಾವ ಪಥ್ಯ ಈಗಲೂ ಬೇಕು, ಯಾವುದು ಸಡಿಲಿಸಬಹುದು ಎಂದು ಒಂದೊಂದಾಗಿ ಕೇಳಿ. ಹೃದಯ ವೈಫಲ್ಯ, ಮುಂದುವರಿದ ಮೂತ್ರಪಿಂಡದ ಕಾಯಿಲೆ ಇರುವವರ ಪಥ್ಯವನ್ನು ಮಾತ್ರ ಕೇಳದೆ ಮುಟ್ಟಬೇಡಿ.

ಹಂತ 3: ತಟ್ಟೆ ದೊಡ್ಡದು ಮಾಡಬೇಡಿ, ತುತ್ತನ್ನು ಗಟ್ಟಿ ಮಾಡಿ

ಗುರಿ ಹೀಗಿದೆ. ಪ್ರೊಟೀನ್ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ, ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ 1.2ರಿಂದ 1.5 ಗ್ರಾಂ. ಶಕ್ತಿ ಪ್ರತಿ ಕೆ.ಜಿ. ಗೆ ಸುಮಾರು 30 ಕ್ಯಾಲರಿ. 55 ಕೆ.ಜಿ. ತೂಕದವರಿಗೆ ಅದು 55ರಿಂದ 66 ಗ್ರಾಂ ಪ್ರೊಟೀನ್, 1,650 ಕ್ಯಾಲರಿ. ಡಯಾಲಿಸಿಸ್ ಇಲ್ಲದ, ಮೂತ್ರಪಿಂಡ ತೀವ್ರವಾಗಿ ದುರ್ಬಲವಾಗಿರುವವರಿಗೆ ಈ ಪ್ರೊಟೀನ್ ಲೆಕ್ಕ ಅನ್ವಯಿಸುವುದಿಲ್ಲ. ಅವರ ಮಿತಿ ವೈದ್ಯರಿಂದಲೇ ಬರಬೇಕು.

ಇದನ್ನು ರಾತ್ರಿ ಒಂದೇ ಊಟದಲ್ಲಿ ತುಂಬಿದರೆ ಅಷ್ಟು ಪ್ರಯೋಜನವಿಲ್ಲ. ವಯಸ್ಸಾದ ಸ್ನಾಯು ಚಿಕ್ಕ ಪ್ರಮಾಣದ ಪ್ರೊಟೀನಿಗೆ ಎಚ್ಚರಗೊಳ್ಳುವುದಿಲ್ಲ, ಒಂದು ಹೊತ್ತಿಗೆ 20ರಿಂದ 30 ಗ್ರಾಂ ಸಿಕ್ಕಿದರೆ ಚೆನ್ನಾಗಿ ಸ್ಪಂದಿಸುತ್ತದೆ. ಹೆಚ್ಚಿನ ಹಿರಿಯರ ಬೆಳಗಿನ ತಿಂಡಿಯಲ್ಲಿ ಇದರ ಅರ್ಧವೂ ಇರುವುದಿಲ್ಲ. ಬದಲಾವಣೆಯನ್ನು ಬೆಳಗಿನಿಂದಲೇ ಶುರುಮಾಡಿ.

ಅಂದಾಜಿಗೆ ಬೇಕಾದ ಸಂಖ್ಯೆಗಳು: ಒಂದು ಮೊಟ್ಟೆ 6 ಗ್ರಾಂ ಪ್ರೊಟೀನ್, 200 ಮಿಲಿ ಹಾಲು 6ರಿಂದ 7, 150 ಗ್ರಾಂ ಮೊಸರು 5, 100 ಗ್ರಾಂ ಗಟ್ಟಿಯಾಗಿ ಬೆಂದ ಬೇಳೆ 8ರಿಂದ 9, 30 ಗ್ರಾಂ ಕಡಲೆಬೀಜ 7, 100 ಗ್ರಾಂ ಬೇಯಿಸಿದ ಮೀನು 20ರ ಮೇಲೆ, ಕೋಳಿಮಾಂಸ 27ರ ಆಸುಪಾಸು. ಬೇಳೆಯ ವಿಷಯದಲ್ಲಿ ಎಲ್ಲ ಕಡೆ ನಡೆಯುವ ತಪ್ಪು ಒಂದಿದೆ. ಸುಲಭವಾಗಿ ಜೀರ್ಣವಾಗಲಿ ಎಂದು ಪ್ರೀತಿಯಿಂದಲೇ ಹಿರಿಯರಿಗೆ ಮೇಲಿನ ತಿಳಿ ಬಡಿಸುತ್ತಾರೆ. ಪ್ರೊಟೀನ್ ಇರುವುದು ತಳದ ಗಟ್ಟಿಯಲ್ಲಿ. ತಿಳಿಯಲ್ಲಿ ಇರುವುದು ಹೆಚ್ಚಾಗಿ ನೀರು. ಬೇಳೆಯನ್ನು ಚೆನ್ನಾಗಿ ಬೇಯಿಸಿ, ಕಡೆದು, ತಳದಿಂದ ಕಲಕಿ ಬಡಿಸಿ.

ಒಂದು ಬಟ್ಟಲು ಗಂಜಿಯನ್ನು ಗಟ್ಟಿ ಮಾಡುವುದು ಹೇಗೆಂದು ನೋಡಿ. 150 ಮಿಲಿ ಅಕ್ಕಿ ಗಂಜಿಯಲ್ಲಿ ಸುಮಾರು 75 ಕ್ಯಾಲರಿ, 1.5 ಗ್ರಾಂ ಪ್ರೊಟೀನ್ ಇರುತ್ತದೆ. ಇದಕ್ಕೆ ಎರಡು ದೊಡ್ಡ ಚಮಚ, ಅಂದರೆ ಸುಮಾರು 16 ಗ್ರಾಂ, ಕೆನೆಭರಿತ ಹಾಲಿನ ಪುಡಿ. ಒಂದು ದೊಡ್ಡ ಚಮಚ, ಸುಮಾರು 10 ಗ್ರಾಂ, ಹುರಿದು ನುಣ್ಣಗೆ ಪುಡಿ ಮಾಡಿದ ಕಡಲೆಬೀಜ. ಒಂದು ಚಿಕ್ಕ ಚಮಚ ಎಣ್ಣೆ ಸೇರಿಸಿ. ಬಟ್ಟಲು ಅಷ್ಟೇ ಇರುತ್ತದೆ, ಆದರೆ ಒಳಗೆ ಈಗ 250 ಕ್ಯಾಲರಿ, 8 ಗ್ರಾಂ ಪ್ರೊಟೀನ್. ಹಾಲಿನ ಪುಡಿಯನ್ನು ನೇರವಾಗಿ ಬಿಸಿ ಗಂಜಿಗೆ ಸುರಿದರೆ ಗಂಟು ಕಟ್ಟುತ್ತದೆ, ಒಂದು ಗಂಟು ಬಾಯಿಗೆ ಸಿಕ್ಕರೆ ಬಟ್ಟಲು ವಾಪಸ್ ಬರುತ್ತದೆ. ಮೊದಲು ಎರಡು ಚಮಚ ಉಗುರುಬೆಚ್ಚಗಿನ ನೀರಿನಲ್ಲಿ ಪೇಸ್ಟ್ ಮಾಡಿ, ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ನುಂಗುವ ತೊಂದರೆ ಇರುವವರಿಗೆ ಕಡಲೆಬೀಜದ ತರಿ ಬೇಡ.

ಹಾಲಿಗೂ ಇದೇ ಉಪಾಯ. 500 ಮಿಲಿ ಹಾಲಿಗೆ 50 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿಟ್ಟರೆ ಪ್ರೊಟೀನ್ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. 200 ಮಿಲಿಗೆ 13 ಗ್ರಾಂ. ದಿನದ ಕಾಫಿ, ಟೀ, ಪಾಯಸ, ಗಂಜಿ ಎಲ್ಲಕ್ಕೂ ಅದನ್ನೇ ಬಳಸಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು ಸಾಮಾನ್ಯವಾಗಿ ಹಿಡಿಸುತ್ತದೆ.

ಬಡಿಸುವ ರೀತಿಯೂ ಮುಖ್ಯ. ತುಂಬಿದ ತಟ್ಟೆ ಕಂಡರೇ ಹಸಿವು ಹಿಂದೆ ಸರಿಯುತ್ತದೆ. ಚಿಕ್ಕ ತಟ್ಟೆಯಲ್ಲಿ ದಿನಕ್ಕೆ ಐದಾರು ಸಲ ಕೊಡಿ. ಊಟಕ್ಕೆ ಮೊದಲು ಸೂಪು, ನೀರು ಬೇಡ. ಹೊಟ್ಟೆಯ ಜಾಗವನ್ನು ಅವೇ ಕಬಳಿಸುತ್ತವೆ. ಗಟ್ಟಿ ಪದಾರ್ಥ ಮೊದಲು, ತರಕಾರಿ ಹಣ್ಣು ಆಮೇಲೆ. ವಾಸನೆ ಗ್ರಹಿಸುವ ಶಕ್ತಿ ಕುಂದಿರುವುದರಿಂದ ಮೊದಲಿನ ರುಚಿಯೇ ಸಪ್ಪೆ ಅನಿಸುತ್ತದೆ. ಉಪ್ಪು ಹೆಚ್ಚಿಸುವ ಬದಲು ನಿಂಬೆ, ಶುಂಠಿ, ಜೀರಿಗೆ, ಸೊಪ್ಪುಗಳ ಪರಿಮಳ ಹೆಚ್ಚಿಸಿ.

ಇಷ್ಟು ಮಾಡಿಯೂ ಸಾಲದಿದ್ದರೆ ಅಂಗಡಿಯ ಪೌಷ್ಟಿಕ ಪಾನೀಯಕ್ಕೆ ಅರ್ಥವಿದೆ. ದಿನಕ್ಕೆ ಕನಿಷ್ಠ 400 ಕ್ಯಾಲರಿ, 30 ಗ್ರಾಂ ಪ್ರೊಟೀನ್ ಸಿಗುವಷ್ಟು, ಕನಿಷ್ಠ ಒಂದು ತಿಂಗಳು ಕೊಟ್ಟರೆ ಮಾತ್ರ ಪರಿಣಾಮ ಅಳೆಯಬಹುದು. ಊಟದ ಬದಲಿಗಲ್ಲ, ಊಟಗಳ ನಡುವೆ. ಒಂದೇ ಸಲ ಲೋಟ ಹಿಡಿಸಿದರೆ ಬೇಡವೆನ್ನುವವರು ಅದನ್ನೇ 50 ಮಿಲಿಯಂತೆ ಮಾತ್ರೆಯ ಹೊತ್ತಿಗೆ ಕೊಟ್ಟರೆ ಕುಡಿಯುತ್ತಾರೆ. ಆದರೆ ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕಾದ ಮಾತ್ರೆಗಳ ಜೊತೆ ಮಾತ್ರ ಬೇಡ.

ಐದು ದಿನ ಅಥವಾ ಹೆಚ್ಚು ಏನೂ ತಿನ್ನದೇ ಇದ್ದವರಿಗೆ ಒಮ್ಮೆಲೇ ತುಂಬಾ ತಿನ್ನಿಸುವುದು ಅಪಾಯ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯಕ್ಕೆ ತೊಂದರೆಯಾಗಬಹುದು. ಅಂಥವರಿಗೆ ವೈದ್ಯರ ನಿಗಾದಲ್ಲಿ, ಮೊದಲ ಎರಡು ದಿನ ಅಗತ್ಯದ ಅರ್ಧಕ್ಕಿಂತ ಹೆಚ್ಚಿಲ್ಲದಂತೆ ಆರಂಭಿಸಬೇಕು.

ಹಂತ 4: ನೀರು

ವಯಸ್ಸಾದಂತೆ ಬಾಯಾರಿಕೆಯ ಎಚ್ಚರಿಕೆ ಮಂದವಾಗುತ್ತದೆ, ಹಾಗಾಗಿ "ಬಾಯಾರಿದಾಗ ಕುಡಿಯಿರಿ" ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ. ಹೆಂಗಸರಿಗೆ ದಿನಕ್ಕೆ 1.6 ಲೀಟರ್, ಗಂಡಸರಿಗೆ 2 ಲೀಟರ್ ಪಾನೀಯ ಬೇಕು. ಕಾಫಿ, ಟೀ, ಹಾಲು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮನೆಯ ಲೋಟದಲ್ಲಿ ಎಷ್ಟು ಹಿಡಿಯುತ್ತದೆಂದು ಒಮ್ಮೆ ಅಳೆದುಕೊಳ್ಳಿ. 150 ಮಿಲಿಯ ಲೋಟವಾದರೆ 11 ಅಥವಾ 13 ಲೋಟ. ಬಹುಪಾಲು ಸಂಜೆ ಆರರೊಳಗೆ ಮುಗಿಯಲಿ. ರಾತ್ರಿ ಶೌಚಕ್ಕೆ ಏಳುವ ಭಯ, ಮೂತ್ರ ಸೋರುವ ನಾಚಿಕೆ ಇವುಗಳಿಂದಾಗಿಯೇ ಹಲವರು ನೀರು ಬಿಡುತ್ತಾರೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನೀವೇ ಮೆಲ್ಲಗೆ ಕೇಳಿ. ಚರ್ಮ ಚಿವುಟಿ ನೋಡುವುದು, ಮೂತ್ರದ ಬಣ್ಣ ನೋಡುವುದು ಹಿರಿಯರಲ್ಲಿ ನಂಬುವಂಥ ಪರೀಕ್ಷೆಗಳಲ್ಲ. ನೀರಿಗೆ ಮಿತಿ ಹಾಕಿರುವ ಹೃದಯ, ಮೂತ್ರಪಿಂಡದ ರೋಗಿಗಳು ಆ ಮಿತಿಯಲ್ಲೇ ಇರಲಿ.

ಹಂತ 5: ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ

ಹೊಟ್ಟೆಯ ಆಮ್ಲ ಕಡಿಮೆಯಾದಂತೆ ಆಹಾರದ ಬಿ12 ಬಿಡುಗಡೆಯಾಗುವುದಿಲ್ಲ. ಮೆಟ್‌ಫಾರ್ಮಿನ್, ಹೊಟ್ಟೆಯ ಆಮ್ಲ ತಗ್ಗಿಸುವ ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನುಂಗುವವರಲ್ಲಿ, ಮಾಂಸ, ಮೊಟ್ಟೆ, ಹಾಲು ಮುಟ್ಟದವರಲ್ಲಿ ಕೊರತೆ ಹೆಚ್ಚು. ಪಾದ ಜುಮ್ಮೆನ್ನುವುದು, ನಡಿಗೆ ತೂರಾಡುವುದು, ಮರೆವು ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಬಿ12 ನೋಡದೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತಹೀನತೆ ಸರಿಹೋದಂತೆ ಕಂಡು ನರಗಳ ಹಾನಿ ಒಳಗೇ ಮುಂದುವರಿಯುತ್ತದೆ.

ವಯಸ್ಸಾದ ಚರ್ಮ ಬಿಸಿಲಿನಿಂದ ವಿಟಮಿನ್ ಡಿ ತಯಾರಿಸುವುದು ಕಡಿಮೆ. 70 ದಾಟಿದವರಿಗೆ ದಿನಕ್ಕೆ 800 ಐಯು (ವಿಟಮಿನ್ ಅಳೆಯುವ ಮಾನ) ಬೇಕು. ಕ್ಯಾಲ್ಸಿಯಂ 1,200 ಮಿ.ಗ್ರಾಂ, 200 ಮಿಲಿ ಹಾಲಿನಲ್ಲಿ ಸುಮಾರು 240 ಸಿಗುತ್ತದೆ. ಕ್ಯಾಲ್ಸಿಯಂ ಮಾತ್ರೆಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ, ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ಹಸಿರು ಸೊಪ್ಪನ್ನು ಬಿಡಬೇಕಿಲ್ಲ. ಒಂದು ವಾರ ರಾಶಿ, ಇನ್ನೊಂದು ವಾರ ಶೂನ್ಯ ಎಂದಾಗದೆ ಒಂದೇ ಸಮ ತಿನ್ನಬೇಕು.

ಹಂತ 6: ಪ್ರೊಟೀನಿಗೆ ಕೆಲಸ ಕೊಡಿ

ಬಳಸದ ಸ್ನಾಯುವಿಗೆ ಎಷ್ಟು ಪ್ರೊಟೀನ್ ಹಾಕಿದರೂ ಅದು ಬೆಳೆಯುವುದಿಲ್ಲ. ಆರೋಗ್ಯವಂತ ಹಿರಿಯರು ಸಹ ಹತ್ತು ದಿನ ಹಾಸಿಗೆ ಹಿಡಿದರೆ ಕಾಲುಗಳಿಂದಲೇ ಸುಮಾರು ಒಂದು ಕೆ.ಜಿ. ಸ್ನಾಯು ಹೋಗಬಹುದು. ಪರೀಕ್ಷೆಗೆ ಬಳಸಿದ ಅದೇ ಕುರ್ಚಿಯಲ್ಲಿ ದಿನಕ್ಕೆ ಮೂರು ಹೊತ್ತು ಎದ್ದು ಕೂರುವುದು ಮಾಡಿಸಿ. ಐದರಿಂದ ಶುರುಮಾಡಿ, ಕೈಯೂರಿದರೂ ಸರಿ. ಸುಲಭವಾದ ಮೇಲೆ ಹತ್ತು. ಆಮೇಲೆ ಕೈ ಬಿಟ್ಟು. ಏಳುವುದಕ್ಕಿಂತ ಕೂರುವುದನ್ನು ನಿಧಾನ ಮಾಡಿಸಿ, ಮೂರು ಎಣಿಸುತ್ತಾ ಇಳಿಯಲಿ. ಧೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು, ಬೆನ್ನಿಗೂ ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ, ಮೂರು ದಿನ ಸಮತೋಲನ ಮತ್ತು ಬಲದ ವ್ಯಾಯಾಮ ಹೇಳುತ್ತದೆ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ.

ಹಂತ 7: ಒಂಟಿಯಾಗಿರುವವರ ಅಡುಗೆಮನೆ

"ಊಟ ಆಯ್ತಾ?" ಎಂದರೆ ಉತ್ತರ ಯಾವಾಗಲೂ "ಆಯ್ತು". ಫ್ರಿಜ್ ತೆರೆದು ನೋಡಿ. ಹಾಳಾದ ಪದಾರ್ಥ, ತಾರೀಖು ಮೀರಿದ ಪೊಟ್ಟಣ, ಬರೀ ಬಿಸ್ಕತ್ತು ಕಂಡರೆ ನಿಜ ಅಲ್ಲೇ ಇದೆ. ಮುಚ್ಚಳ ತಿರುಗಿಸಲು ಕೈಗೆ ಬಲವಿದೆಯೇ, ಪೊಟ್ಟಣದ ಅಕ್ಷರ ಓದಲು ಆಗುತ್ತದೆಯೇ, ಭಾರದ ಚೀಲ ಹೊತ್ತು ತರುವವರು ಯಾರು ಎಂದು ವಿಚಾರಿಸಿ. ಪ್ರತಿ ಹೊತ್ತು ಒಲೆ ಹಚ್ಚಲು ಆಗದವರಿಗೆ ಬೆಂಕಿ ಬೇಡದ ಆಹಾರ ಕೈಗೆಟುಕುವಲ್ಲಿರಲಿ: ಬೇಯಿಸಿದ ಮೊಟ್ಟೆ, ಮೊಸರು, ಹಾಲಿನ ಪುಡಿ, ಕಡಲೆಬೀಜದ ಪುಡಿ, ಬಾಳೆಹಣ್ಣು. ಜೊತೆಯಲ್ಲಿ ಕೂತು ಉಣ್ಣುವವರಿದ್ದರೆ ಎರಡು ತುತ್ತು ಹೆಚ್ಚೇ ಹೋಗುತ್ತದೆ. ವಾರಕ್ಕೆ ಮೂರು ಹೊತ್ತಾದರೂ ಅದಕ್ಕೆ ವ್ಯವಸ್ಥೆ ಮಾಡಿ.

ತಡಮಾಡಬಾರದ ಲಕ್ಷಣಗಳು: ನುಂಗಲು ಪೂರ್ತಿ ಆಗದಿರುವುದು, ಕಪ್ಪು ಮಲ ಅಥವಾ ರಕ್ತ, ನಿಲ್ಲದ ವಾಂತಿ, ಹಠಾತ್ ಗೊಂದಲ, ಎರಡು ದಿನ ಏನೂ ಕುಡಿಯದಿರುವುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಬದಲಾವಣೆ ಶುರುಮಾಡಿದ ನಾಲ್ಕು ವಾರಕ್ಕೆ ತೂಕ, ಮೀನಖಂಡ, ಕುರ್ಚಿಯ ಸೆಕೆಂಡು ಮೂರನ್ನೂ ಮತ್ತೆ ಅಳೆಯಿರಿ. ತೂಕ ನಿಂತಿದ್ದರೂ ಅದು ಗೆಲುವೇ, ಏಕೆಂದರೆ ಮೊದಲು ಇಳಿಕೆ ನಿಲ್ಲಬೇಕು, ಏರಿಕೆ ಆಮೇಲೆ. ಇನ್ನೂ ಇಳಿಯುತ್ತಿದ್ದರೆ ಮೂರು ದಿನ ತಿಂದದ್ದನ್ನೆಲ್ಲ ಬಟ್ಟಲಿನ ಲೆಕ್ಕದಲ್ಲಿ ಬರೆದು, ತಟ್ಟೆಯಲ್ಲಿ ಬಿಟ್ಟದ್ದನ್ನೂ ಬರೆದು, ಆ ನೋಟ್‌ಬುಕ್ಕನ್ನೂ ಮಾತ್ರೆಗಳ ಪಟ್ಟಿಯನ್ನೂ ವೈದ್ಯರ ಬಳಿ ಒಯ್ಯಿರಿ. ಆರು ಪ್ರಶ್ನೆಗಳ ಅಂಕ 12 ಅಥವಾ ಹೆಚ್ಚಿದ್ದರೆ ಅದನ್ನು ವರ್ಷಕ್ಕೊಮ್ಮೆ ಮಾಡಿದರೆ ಸಾಕು. ಆಸ್ಪತ್ರೆ ಸೇರಿ ಬಂದರೆ, ಬಿದ್ದರೆ, ಬಾಳಸಂಗಾತಿಯನ್ನು ಕಳೆದುಕೊಂಡರೆ ಮಾತ್ರ ವರ್ಷ ಕಾಯದೆ ಆ ತಿಂಗಳೇ ಮತ್ತೆ ಮಾಡಿ.